ವಿದ್ಯಾರ್ಥಿ ಪ್ರೊಫೈಲ್ ಮಾಡುವ ಮುಂಚೆ ಹುಲಿಗೆಮ್ಮನ ಹೆಸರು ಹೊಡೆದು ನೋಡಿ

ವಿಶ್ವವಿದ್ಯಾಲಯಕ್ಕೆ ಆನ್‌ಲೈನ್ ವಿದ್ಯಾರ್ಥಿ ಪ್ರೊಫೈಲ್ ಮಾಡುತ್ತಿದ್ದೇನೆ, ಬಳಸಲು ಸುಲಭ ಆಗಬೇಕಾದರೆ ಏನಿರಬೇಕು ಅಂತ ಕೇಳಿದ್ದೀರಿ. ನಾನು ಡಿಸೈನರ್ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದೇನೆ. ನಿಮ್ಮಂಥವರು ಮಾಡಿದ ಫಾರ್ಮನ್ನು ಮಕ್ಕಳ ಪರವಾಗಿ ತುಂಬುವವನು. ನೀವು ಚೆನ್ನಾಗಿ ಮಾಡಿದರೆ ನನಗೆ ಗಿರಾಕಿ ಕಡಿಮೆ, ಆದರೂ ಹೇಳುತ್ತೇನೆ.

ಮೊದಲು ಹೆಸರು. ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇಟ್ಟು, ಎರಡನ್ನೂ ತುಂಬಲೇಬೇಕು ಅಂತ ಕೆಂಪು ನಕ್ಷತ್ರ ಹಾಕಿರುತ್ತಾರೆ. ನಮ್ಮ ಕಡೆ ಎಷ್ಟೋ ಮಕ್ಕಳ ದಾಖಲೆಯಲ್ಲಿ ಅಡ್ಡಹೆಸರೇ ಇಲ್ಲ. ಹುಲಿಗೆಮ್ಮ ಅಂದರೆ ಹುಲಿಗೆಮ್ಮ, ಅಷ್ಟೇ. ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುವುದಿಲ್ಲ. ಒಬ್ಬರು ಚುಕ್ಕಿ ಹೊಡೆಯುತ್ತಾರೆ, ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ. ಒಬ್ಬಳ ಹಾಲ್ ಟಿಕೆಟ್ ‘ಹುಲಿಗೆಮ್ಮ ಹುಲಿಗೆಮ್ಮ’ ಅಂತ ಬಂತು. ಅಂಗಡಿಯಲ್ಲಿ ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಮಾರ್ಕ್ಸ್ ಕಾರ್ಡ್‌ನಲ್ಲೂ ಹಾಗೇ ಬಂದಾಗ ನಗು ನಿಂತಿತು. ತಿದ್ದಿಸಲು ಮೂರು ಸಲ ಬಸ್ ಹತ್ತಿದಳು ಪಾಪ.

ಹಾಗಾಗಿ ಹೆಸರಿಗೆ ಒಂದೇ ಉದ್ದ ಖಾನೆ ಸಾಕು. ‘ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆ’ ಅಂತ ಮೇಲೆಯೇ ಬರೆಯಿರಿ. ಆಧಾರ್‌ನಲ್ಲಿರುವ ಹೆಸರಿಗೆ ಬೇರೆ ಜಾಗ ಕೊಡಿ, ಎರಡೂ ಅಕ್ಷರಕ್ಕೆ ಅಕ್ಷರ ಹೊಂದುತ್ತವೆ ಅಂತ ನಂಬಬೇಡಿ. ಕನ್ನಡದಲ್ಲೂ ಕೇಳಿ. ಇಂಗ್ಲಿಷ್ ನೋಡಿ ಇನ್ಯಾರೋ ಕನ್ನಡಕ್ಕೆ ಇಳಿಸಿದರೆ ತಿಮ್ಮಣ್ಣ ಹೋಗಿ ತಿಮ್ಮನ್ನ ಆಗುತ್ತಾನೆ.

ಎರಡನೆಯ ತಲೆನೋವು ಓಟಿಪಿ. ಕಾಲೇಜು ಸೇರುವಾಗ ಅಪ್ಪನದೋ ಮಾವನದೋ ನಂಬರ್ ಕೊಟ್ಟಿರುತ್ತಾರೆ. ಹುಡುಗ ನನ್ನ ಅಂಗಡಿಯಲ್ಲಿ, ಅಪ್ಪ ಭತ್ತದ ಗದ್ದೆಯಲ್ಲಿ. ‘ಯಪ್ಪಾ, ಫೋನಿಗೆ ನಂಬರ್ ಬಂದೈತಿ, ಯಾರಿಗಾದ್ರು ತೋರ್ಸಿ ಹೇಳಸು’ ಅಂತ ಇವನು ಕೂಗುತ್ತಾನೆ. ಓದುವವರು ಸಿಗುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಹತ್ತು ನಿಮಿಷವಾದರೂ ಕೊಡಿ. ನಂಬರ್ ಬದಲಾದರೆ ಹಳೇ ನಂಬರಿಗೇ ಓಟಿಪಿ ಕಳಿಸಬೇಡಿ, ಸಿಮ್ ಹೋಗಿದ್ದಕ್ಕೇ ಅಲ್ವಾ ಬದಲಾಯಿಸುವುದು? ಗುರುತಿನ ಚೀಟಿ ನೋಡಿ ಕಾಲೇಜು ಆಫೀಸಿನಲ್ಲೇ ಬದಲಾಯಿಸುವ ದಾರಿ ಇರಲಿ.

ಇನ್ನು ಸಂಖ್ಯೆಗಳು. ಡಿಗ್ರಿ ಮಕ್ಕಳಿಗೆ ಪ್ರವೇಶ, ಪರೀಕ್ಷೆಯ ಸರ್ಕಾರಿ ಪೋರ್ಟಲ್ ಆದ ಯುಯುಸಿಎಂಎಸ್ ನಂಬರ್, ಸ್ಕಾಲರ್‌ಶಿಪ್‌ಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಎಸ್‌ಎಸ್‌ಪಿ ಐಡಿ, ಓದಿ ಗಳಿಸಿದ ಕ್ರೆಡಿಟ್ ಜಮಾ ಆಗಲು 12 ಅಂಕಿಯ ಎಬಿಸಿ ಐಡಿ, ಇಷ್ಟೆಲ್ಲ ಇರುತ್ತವೆ. ಎಲ್ಲವನ್ನೂ ಒಂದು ಕಡೆ ತೋರಿಸಿ, ಪಕ್ಕದಲ್ಲಿ ಕಾಪಿ ಬಟನ್ ಇಡಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಆರ್‌ಡಿ ಸಂಖ್ಯೆ ಇದೆ, ಅಂದರೆ ನಾಡಕಚೇರಿ ಪ್ರಮಾಣಪತ್ರದ ಮೇಲೆ ಹಾಕುವ ನಂಬರ್. ಅದನ್ನು ಕೇಳಿದ ಮೇಲೆ ಸ್ಕ್ಯಾನ್ ಕಾಪಿಯನ್ನೂ ಯಾಕೆ ಕೇಳುತ್ತೀರಿ? ನಮ್ಮ ಭಾಗಕ್ಕೆ ಸಂವಿಧಾನ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿಯ ಖಾನೆ ಬೇಕೇ ಬೇಕು, ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70% ಸೀಟು ಸಿಗುವುದು ಅದರ ಮೇಲೆಯೇ. ಜಿಲ್ಲೆ ಪಟ್ಟಿಯನ್ನೂ ನೋಡಿಕೊಳ್ಳಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಹೊಸಪೇಟೆ ಹುಡುಗನ ಹಳೇ ದಾಖಲೆಯಲ್ಲಿ ಬಳ್ಳಾರಿ, ಈಗಿನ ವಿಳಾಸದಲ್ಲಿ ವಿಜಯನಗರ. ಎರಡೂ ಸರಿ, ಎರಡನ್ನೂ ಒಪ್ಪಬೇಕು.

ಫೋಟೋ 50 ಕೆಬಿ ಒಳಗಿರಬೇಕು ಅಂತ ಬೈಯುವ ಬದಲು ನಿಮ್ಮ ಸೈಟೇ ಕುಗ್ಗಿಸಿಕೊಳ್ಳಲಿ. ಅರ್ಧ ತುಂಬಿದ್ದು ಕರೆಂಟ್ ಹೋದರೂ ಉಳಿಯಲಿ. ಹುಡುಗಿಯರ ಫೋಟೋ, ಫೋನ್ ನಂಬರ್ ಸಹಪಾಠಿಗಳಿಗೆ ಕಾಣಲೇಬಾರದು. ಜಾತಿಯೂ ಅಷ್ಟೇ, ಅದು ಆಫೀಸಿನವರಿಗೆ ಮಾತ್ರ. ತೆರೆದ ಕೂಡಲೇ ಹಾಲ್ ಟಿಕೆಟ್, ರಿಸಲ್ಟ್, ಫೀಸ್ ಕಾಣಲಿ. ಕುಲಪತಿಗಳ ಸಂದೇಶ ಕೆಳಗಿದ್ದರೂ ನಡೆಯುತ್ತದೆ.

ಎಲ್ಲ ಮುಗಿಸಿದ ಮೇಲೆ ಸಾಧ್ಯವಾದರೆ ಪರೀಕ್ಷೆ ಫೀಸ್ ಕಟ್ಟುವ ಕೊನೆಯ ದಿನ ಈ ಕಡೆ ಬನ್ನಿ. ಅಂಗಡಿಯಲ್ಲಿ ಒಂದು ಕುರ್ಚಿ ಹಾಕಿಸುತ್ತೇನೆ. ಮಕ್ಕಳು ಎಲ್ಲಿ ತಡವರಿಸುತ್ತಾರೆ ಅಂತ ಸುಮ್ನೆ ಕೂತು ನೋಡಿ.