ಸಬ್ಸಿಡಿಯರಿ ಅಂದ ತಕ್ಷಣ ‘ಅಧೀನ’ ಹಾಕ್ಬೇಡಿ

ಇಂಗ್ಲಿಷಿಂದ ಮಷೀನು ಅನುವಾದ ಮಾಡಿದ ನಿಮ್ಮ ಕರಡಲ್ಲಿ ‘ಸಬ್ಸಿಡಿಯರಿ’ಗೆ ಕನ್ನಡದಲ್ಲಿ ಏನು ಹಾಕೋದು ಅಂತ ಕೇಳಿದ್ರಲ್ಲ, ಆ ಒಂದೇ ಪದಕ್ಕೆ ‘ಇನ್ನೊಂದು ಕಂಪನಿ ಹಿಡಿತದಲ್ಲಿರೋ ಕಂಪನಿ’, ‘ಮುಖ್ಯ ಅಲ್ಲದ್ದು’ ಅಂತ ಎರಡು ಅರ್ಥ ಇರೋದೇ ಇಲ್ಲಿ ಎಡವಟ್ಟು ಅನ್ಸುತ್ತೆ. ನೀವು ಫೈಂಡ್ ರಿಪ್ಲೇಸ್ ಹೊಡೆದು ಸಬ್ಸಿಡಿಯರಿ ಇದ್ದ ಕಡೆಯೆಲ್ಲ ‘ಅಧೀನ’ ಹಾಕಿದೀರ, ಅದಕ್ಕೇ ‘ಅಧೀನ ಪ್ರಶ್ನೆಗಳು’ ಅಂತ ಬಂದು ಕೂತಿರೋದು. ನಾನೂ ಒಂದು ವಾರ್ಷಿಕ ವರದೀಲಿ ಇದೇ ಮಾಡ್ಕೊಂಡು ರಾತ್ರಿಯೆಲ್ಲ ತಿದ್ದಿದೀನಿ.

ಮೊದ್ಲು ಅದನ್ನ ಅನ್‌ಡೂ ಮಾಡಿ, ಆಮೇಲೆ ಒಂದೊಂದೇ ಜಾಗ ನೋಡ್ಕೊಂಡು ಹೋಗಿ. ಪಕ್ಕದಲ್ಲಿ ಪ್ರಶ್ನೆ ಇದ್ರೆ ಉಪಪ್ರಶ್ನೆ, ಕಾರಣ ಇದ್ರೆ ಗೌಣ ಕಾರಣ, ಮುಗೀತು.

ಕಂಪನಿ ಬಗ್ಗೆ ಆದ್ರೆ ‘ಅಂಗಸಂಸ್ಥೆ’ ಹಾಕಿ, ಪೇಪರ್ ಓದೋರಿಗೆಲ್ಲ ಗೊತ್ತಿರೋ ಪದ. ಕರಾರು ಪತ್ರ ಆದ್ರೆ ಮಾತ್ರ ‘ಅಧೀನ ಕಂಪನಿ’ ವಾಸಿ, ಯಾಕಂದ್ರೆ 2013ರ ಕಂಪನಿ ಕಾಯ್ದೇಲಿ ಅರ್ಧಕ್ಕಿಂತ ಜಾಸ್ತಿ ವೋಟಿಂಗ್ ಪವರ್ ಅಥವಾ ಬೋರ್ಡಲ್ಲಿ ಯಾರಿರ್ಬೇಕು ಅನ್ನೋ ಹಿಡಿತ ಇನ್ನೊಬ್ರ ಕೈಲಿದ್ರೇನೇ ಸಬ್ಸಿಡಿಯರಿ, 20%ರಿಂದ ಅರ್ಧದವರೆಗೆ ಮಾತ್ರ ಇದ್ರೆ ಅದು ಅಸೋಸಿಯೇಟ್, ಅದಕ್ಕೆ ‘ಸಹವರ್ತಿ’ ಅನ್ನಿ, ಎರಡನ್ನೂ ಕಲಸ್ಬೇಡಿ. (ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರನ್ನ 2017ರಲ್ಲಿ ಎಸ್‌ಬಿಐ ಜೊತೆ ವಿಲೀನ ಆಗೋವರ್ಗೂ ಎಲ್ರೂ ಅಸೋಸಿಯೇಟ್ ಬ್ಯಾಂಕ್ ಅಂತಿದ್ರು, ಅಂಥ ಬ್ಯಾಂಕುಗಳ 1959ರ ಕಾಯ್ದೆ ಹೆಸರಲ್ಲಿ ಇದ್ದಿದ್ದು ಮಾತ್ರ ಸಬ್ಸಿಡಿಯರಿ ಬ್ಯಾಂಕ್ಸ್ ಅಂತ!)

ನಿಮ್ಮ 7ನೇ ಪುಟದ 1799ರ ಮೈಸೂರು ಒಪ್ಪಂದದ ಸಾಲು ಬೇರೇನೇ, ಅಲ್ಲಿರೋದು ಬ್ರಿಟಿಷರ ‘ಸಬ್ಸಿಡಿಯರಿ ಅಲೈಯನ್ಸ್’, ಅದಕ್ಕೆ ನಮ್ಮ ಸ್ಕೂಲ್ ಪುಸ್ತಕದ ‘ಸಹಾಯಕ ಸೈನ್ಯ ಪದ್ಧತಿ’ನೇ ಇರ್ಲಿ.

ಕೊನೇಲಿ ‘ಸಹಾಯಧನ’ ಅಂತ ಒಂದ್ಸಲ ಸರ್ಚ್ ಮಾಡಿ, ಮಷೀನು ಸಬ್ಸಿಡಿಯರಿನ ಸಬ್ಸಿಡಿ ಅಂತ ತಪ್ಪು ತಿಳ್ಕೊಂಡಿದ್ರೆ ಅಲ್ಲೇ ಸಿಗುತ್ತೆ.