ಚೊಚ್ಚಲ ಹೆರಿಗೆಯಲ್ಲಿ ಹಲ್ಲಿಗೆ ಕಚ್ಚಿಕೊಳ್ಳುವ ಸಾಧನ ಬೇಕಾ?

ಸೋಮವಾರಪೇಟೆಯಲ್ಲಿರುವ ನಿಮ್ಮ ತಂಗಿಗೆ ಇದು ಚೊಚ್ಚಲ ಹೆರಿಗೆ, ಹಲ್ಲಿನ ಸಾಧನ ತರಿಸಲಾ ಅಂತ ಕೇಳಿದ್ದೀರಿ. ಕಡ್ಡಾಯವೇನೂ ಅಲ್ಲ.

ಬಾಕ್ಸರ್‌ಗಳ ಮೌತ್‌ಗಾರ್ಡ್ ನೋಡಿದ್ದೀರಲ್ವಾ, ಹೆಚ್ಚುಕಮ್ಮಿ ಅದೇ ಥರದ್ದು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ, ನೋವು ಬಂದಾಗ ಅದನ್ನ ಕಚ್ಚಿಕೊಂಡು, ಮಗುವನ್ನ ಹೊರತಳ್ಳಲು ಮುಕ್ಕುತ್ತಾರೆ. ದವಡೆ ಬಿಗಿಯಾದರೆ ಕತ್ತು, ಹೊಟ್ಟೆಯ ಸ್ನಾಯುಗಳಿಗೂ ಬಲ ಸಿಗುತ್ತದೆ ಅನ್ನೋದು ಲೆಕ್ಕಾಚಾರ. ಹಲ್ಲಿಗೂ ರಕ್ಷಣೆ. ಆದರೆ ಹೆರಿಗೆ ಬೇಗ ಆಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ನಡೆದಿರುವ ಅಧ್ಯಯನಗಳೂ ಚಿಕ್ಕವು. ಚೊಚ್ಚಲ ಹೆರಿಗೆಯಲ್ಲಿ ಈ ಮುಕ್ಕುವ ಹಂತ 3 ಗಂಟೆವರೆಗೂ ಹಿಡಿಯಬಹುದು, ಸುಮ್ನೆ ಗಾಬರಿ ಬೇಡ. ಸಡಿಲ ಹಲ್ಲು, ವಾಂತಿ ಇದ್ದರೆ ಈ ಸಾಧನ ಬೇಡವೇ ಬೇಡ.

ನನ್ನ ಕೇಳಿದರೆ, ಮಳೆಗಾಲದಲ್ಲಿ ಮಡಿಕೇರಿ ರಸ್ತೆಗೆ ಮರ ಬಿದ್ದರೆ ಆಸ್ಪತ್ರೆ ತಲುಪೋದು ಹೇಗೆ ಅನ್ನೋದನ್ನ ಮೊದಲು ಯೋಚಿಸಿ. ಸಾಧನದ ಬಗ್ಗೆ ಡಾಕ್ಟರನ್ನೇ ಕೇಳಿ.