ಮೇಡಂ ಕೈ ಎತ್ತದಿದ್ದರೆ ಯಾರೂ ನುಡಿಸುವುದಿಲ್ಲ

ಪ್ರಶ್ನೆ: ಶಾಲೆಯ ಆರ್ಕೆಸ್ಟ್ರಾ ನಡೆಸುತ್ತಿದ್ದೇನೆ. ಇಪ್ಪತ್ತೆಂಟು ಮಕ್ಕಳು, ವಾರಕ್ಕೆ ಎರಡು ಗಂಟೆ ರಿಹರ್ಸಲ್. ಕಾರ್ಯಕ್ರಮದ ದಿನ ಚೆನ್ನಾಗಿಯೇ ನುಡಿಸುತ್ತಾರೆ. ಆದರೆ ಹೊಸ ಪೀಸ್ ಕೊಟ್ಟರೆ ‘ಮೇಡಂ, ಮೊದಲು ನೀವು ನುಡಿಸಿ ತೋರಿಸಿ’ ಅಂತ ಸುಮ್ನೆ ಕೂರುತ್ತಾರೆ. ಮೊನ್ನೆ ಫೋನ್ ಬಂತೆಂದು ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದೆ. ಒಬ್ಬರೂ ವಾದ್ಯ ಮುಟ್ಟಿರಲಿಲ್ಲ. ಇವರು ತಾವೇ ಯೋಚಿಸಿ ನುಡಿಸುವ ಹಾಗೆ ಮಾಡುವುದು ಹೇಗೆ?
– ಒಬ್ಬ ಸಂಗೀತ ಶಿಕ್ಷಕಿ

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನೆನಪಾದಳು. ನಾಲ್ಕು ವರ್ಷ ನನ್ನ ಬಳಿ ಕ್ಲಾರಿನೆಟ್ ನುಡಿಸಿದವಳು. ಒಂದು ರಿಹರ್ಸಲ್ ತಪ್ಪಿಸಿದವಳಲ್ಲ. ಶಾಲೆ ಮುಗಿಸಿ ಒಂದು ವರ್ಷದ ಮೇಲೆ ಸಿಕ್ಕಿದಳು. ‘ಈಗ ಏನು ನುಡಿಸ್ತಾ ಇದೀಯಮ್ಮಾ?’ ಅಂತ ಕೇಳಿದೆ. ‘ಏನೂ ಇಲ್ಲ ಸರ್. ಹೇಳಿಕೊಡೋರು ಯಾರೂ ಇಲ್ವಲ್ಲ’ ಅಂದಳು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾಲ್ಕು ವರ್ಷದಲ್ಲಿ ಅವಳಿಗೆ ಹದಿನೈದು ಪೀಸ್ ಕಲಿಸಿದ್ದೆ. ಹದಿನಾರನೆಯದನ್ನು ತಾನೇ ಕಲಿಯೋದು ಹೇಗೆ ಅಂತ ಕಲಿಸಿರಲಿಲ್ಲ.

ನಿಮ್ಮ ಮಕ್ಕಳಲ್ಲಿ ಕೊರತೆ ಏನೂ ಇಲ್ಲ. ಕೇಳಿಸಿಕೊಳ್ಳುವ ಕೆಲಸವನ್ನು ನಾವೇ ಮಾಡಿಬಿಡುತ್ತೇವೆ, ಅಷ್ಟೇ. ‘ಟ್ರಂಪೆಟ್, ಜೋರಾಯಿತು. ಎರಡನೇ ವಯಲಿನ್, ಓಡಬೇಡಿ.’ ಹೀಗೆ ಎರಡು ಗಂಟೆ ನಾವು ಹೇಳುತ್ತಾ ಹೋದರೆ ಅವರ ಕಿವಿಗೆ ಕೆಲಸವೇ ಇರುವುದಿಲ್ಲ, ಅಲ್ವಾ?

ಶ್ರುತಿಯಿಂದ ಶುರು ಮಾಡಿ. ‘ನೀನು ಮೇಲಿದ್ದೀಯ, ಸ್ವಲ್ಪ ಇಳಿಸು’ ಅಂತ ಹೇಳಬೇಡಿ. ಇಬ್ಬರು ಕೊಳಲು (ಫ್ಲೂಟ್) ಮಕ್ಕಳನ್ನು ನಿಲ್ಲಿಸಿ ಒಂದೇ ‘ಎ’ ಸ್ವರವನ್ನು ಉದ್ದಕ್ಕೆ ಹಿಡಿಯಲು ಹೇಳಿ. ಒಬ್ಬನದು 440 ಹರ್ಟ್ಜ್ (ಸೆಕೆಂಡಿಗೆ 440 ಕಂಪನ), ಇನ್ನೊಬ್ಬಳದು 442 ಇದ್ದರೆ ಸೆಕೆಂಡಿಗೆ ಎರಡು ಸಲ ನಾದದ ಜೋರು ಏರಿ ಇಳಿಯುತ್ತದೆ. ವಾಂವ್, ವಾಂವ್ ಅಂತ. ಮೊದಲ ಸಲ ಅದು ಕೇಳಿಸಿದಾಗ ಮಕ್ಕಳ ಕಣ್ಣು ನೋಡಬೇಕು ನೀವು. ಆಮೇಲೆ ಇಬ್ಬರಲ್ಲಿ ಒಬ್ಬರು ಕೊಳಲಿನ ತಲೆಭಾಗವನ್ನು ಕೂದಲೆಳೆಯಷ್ಟು ಹೊರಗೆ ಎಳೆಯಲಿ. ಈ ಅಲುಗಾಟ ನಿಧಾನವಾದರೆ ದಾರಿ ಸರಿ. ಜಾಸ್ತಿಯಾದರೆ ಉಲ್ಟಾ ಹೋಗಬೇಕು. ನಾನು ಮೇಲಿದ್ದೇನಾ ಕೆಳಗಿದ್ದೇನಾ ಅನ್ನುವುದು ಮೊದಲೇ ಗೊತ್ತಿರಬೇಕಾಗಿಯೇ ಇಲ್ಲ. ಅಲುಗಾಟ ನಿಂತು ಎರಡು ಕೊಳಲು ಒಂದಾದ ಆ ಕ್ಷಣವನ್ನು ಅವರೇ ಹುಡುಕಿಕೊಂಡಿರುತ್ತಾರೆ.

ಶ್ರುತಿ ಸರಿಯಿದೆಯಾ ಅಂತ ಮುಳ್ಳಿನಲ್ಲಿ ತೋರಿಸುವ ಟ್ಯೂನರ್ ಇದೆಯಲ್ಲ ಅಂತ ನೀವು ಕೇಳಬಹುದು. ಇರಲಿ, ಒಂದು ಸ್ವರ ಕೊಡಲು ಬೇಕು. ಆದರೆ ‘ಸಿ’ ಮೇಜರ್ ಕಾರ್ಡ್ (ಸಿ, ಇ, ಜಿ ಮೂರು ಸ್ವರ ಒಟ್ಟಿಗೆ) ಹಿಡಿದಾಗ ನಡುವಿನ ‘ಇ’ ಸ್ವರ ಹಿತವಾಗಿ ಕೂರಬೇಕಾದರೆ ಟ್ಯೂನರಿನ ಮುಳ್ಳು ತೋರಿಸುವ ಜಾಗಕ್ಕಿಂತ ಸುಮಾರು 14 ಸೆಂಟ್ ಕೆಳಗಿರಬೇಕು. ಅಂದರೆ ಅರ್ಧ ಸ್ವರದ ನೂರು ಪಾಲಿನಲ್ಲಿ ಹದಿನಾಲ್ಕು ಪಾಲು. ಮುಳ್ಳು ಸರಿ ಅನ್ನುತ್ತದೆ, ಕಿವಿ ಒಪ್ಪುವುದಿಲ್ಲ. ಇನ್ನೊಂದು ವಿಷಯ. ಊದುವ ವಾದ್ಯ ಬಿಸಿಯಾದಂತೆ ಶ್ರುತಿ ಏರುತ್ತದೆ, ಬಿಸಿಗೆ ತಂತಿ ಸಡಿಲವಾಗಿ ಇಳಿಯುತ್ತದೆ. ಮೊದಲ ಐದು ನಿಮಿಷದಲ್ಲಿ ನೀವು ಸೇರಿಸಿ ಕೊಟ್ಟ ಶ್ರುತಿ ಅರ್ಧ ಗಂಟೆಯ ಮೇಲೆ ಉಳಿದಿರುವುದಿಲ್ಲ. ಆಗ ಸರಿಮಾಡಿಕೊಳ್ಳಬೇಕಾದವರು ಅವರೇ.

ಎರಡನೆಯದು ಪ್ರಶ್ನೆ ಕೇಳುವುದು. ‘ಸರಿ ಇತ್ತಾ?’ ಅಂದರೆ ಎಲ್ಲರೂ ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ. ಅದರ ಬದಲು ‘ಈ ಎಂಟು ಬಾರ್‌ನಲ್ಲಿ ಮುಖ್ಯ ಧಾಟಿ ಯಾರ ಹತ್ತಿರ ಇದೆ? ಅದು ನಿನಗೆ ಕೇಳಿಸಿತಾ?’ ಅಂತ ಕೇಳಿ (ಬಾರ್ ಅಂದರೆ ತಾಳದ ಒಂದು ಸುತ್ತು). ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಇದು ತುಂಬ ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಧ್ವನಿಮುದ್ರಣ ಮಾಡಿ ನೋಡಿದರು. ಪ್ರಶ್ನೆ ಕೇಳಿದ ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಿದ್ದರು, ಅಷ್ಟೇ. ಮೂರು ಸೆಕೆಂಡ್ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ನಾನು ಮನಸ್ಸಿನಲ್ಲೇ ಎರಡು ಬಾರ್ ಎಣಿಸುತ್ತೇನೆ.

ಆಮೇಲೆ ನಿಮ್ಮ ಕೈ ಇಳಿಸಿ. ಈ ಮಾತಿಗೆ ಹೆಚ್ಚಿನವರು ಹೆದರುತ್ತಾರೆ. ಆದರೆ ಮಾಸ್ಕೋದಲ್ಲಿ 1922ರಲ್ಲಿ ಶುರುವಾದ ಪರ್ಸಿಮ್‌ಫಾನ್ಸ್ ಅನ್ನುವ ದೊಡ್ಡ ಆರ್ಕೆಸ್ಟ್ರಾ ಸುಮಾರು ಹತ್ತು ವರ್ಷ ಕಂಡಕ್ಟರ್, ಅಂದರೆ ಮುಂದೆ ನಿಂತು ಕೈಯಾಡಿಸಿ ನಡೆಸುವವರು, ಇಲ್ಲದೆ ನುಡಿಸಿತು. ಒಬ್ಬರಿಗೊಬ್ಬರು ಕಾಣುವ ಹಾಗೆ ಸುತ್ತ ಕೂರುತ್ತಿದ್ದರು. ನ್ಯೂಯಾರ್ಕಿನಲ್ಲಿ 1972ರಲ್ಲಿ ಹುಟ್ಟಿದ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾದಲ್ಲೂ ಕಂಡಕ್ಟರ್ ಇಲ್ಲ, ಮುಂದಾಳುತನ ಸದಸ್ಯರಲ್ಲೇ ಸುತ್ತುತ್ತದೆ. ನಾನು ಅವರಿಂದ ತೆಗೆದುಕೊಂಡಿದ್ದು ಸುತ್ತ ಕೂರುವುದನ್ನು.

ನನ್ನ ಮಕ್ಕಳನ್ನು ಹಾಗೆ ಕೂರಿಸಿ ಕೈ ಇಳಿಸಿದ ಮೊದಲ ದಿನ ನಾಲ್ಕನೇ ಬಾರ್‌ಗೇ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಎರಡನೇ ಸಲವೂ ಅದೇ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೆಲ ನೋಡುತ್ತಾ ನಿಂತೆ. ಆಗ ಚೆಲೊ ನುಡಿಸುವ ಹುಡುಗ, ವರ್ಷದಲ್ಲಿ ನಾಲ್ಕು ಮಾತಾಡುವವನು, ಬಿಲ್ಲು ಎತ್ತಿ, ಮೂಗಿನಲ್ಲಿ ಜೋರಾಗಿ ಉಸಿರೆಳೆದ. ಆ ಉಸಿರಿನ ವೇಗದಲ್ಲೇ ತಾಳ ಇತ್ತು. ಎದುರಿಗಿದ್ದ ವಯಲಿನ್ ಹುಡುಗಿ ಅವನ ಬಿಲ್ಲನ್ನೇ ನೋಡುತ್ತಿದ್ದಳು. ಎಲ್ಲರೂ ಒಟ್ಟಿಗೆ ಶುರು ಮಾಡಿದರು, ಹದಿನಾರು ಬಾರ್ ದಾಟಿದರು. ನಾನು ನೂರು ಸಲ ‘ಒಟ್ಟಿಗೆ ಉಸಿರೆಳೆಯಿರಿ’ ಅಂದಿದ್ದೆ. ಅವರಿಗೆ ಅದರ ಅಗತ್ಯ ಬಂದಿದ್ದು ಆ ದಿನ.

ಒಂದು ಎಚ್ಚರಿಕೆ. ಪ್ರತಿ ವಿಭಾಗಕ್ಕೆ ಒಬ್ಬ ಜಾಣ ಲೀಡರ್ ನೇಮಿಸಿ ಬಿಟ್ಟರೆ ಆಯಿತು ಅಂತ ಹಲವರು ಅಂದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಗ ಮಕ್ಕಳು ನಿಮ್ಮ ಬದಲು ಅವನ ಮುಖ ನೋಡುತ್ತಾರೆ. ಶುರು ಮಾಡಿಸುವ ಕೆಲಸ ವಾರ ವಾರ ಬದಲಾಗಲಿ, ಕೊನೆಯ ಸಾಲಿನಲ್ಲಿ ಕೂರುವವರಿಗೂ ಬರಲಿ.

ಸಮಯ ಎಲ್ಲಿದೆ ಅಂತೀರಾ? ಎರಡು ಗಂಟೆಯಲ್ಲಿ ಇಪ್ಪತ್ತು ನಿಮಿಷ ಸಾಕು. ಮಕ್ಕಳ ಮಟ್ಟಕ್ಕಿಂತ ಸುಲಭವಾದ ಒಂದು ಚಿಕ್ಕ ಪೀಸ್ ಆರಿಸಿ, ಅದನ್ನು ಪೂರ್ತಿ ಅವರಿಗೇ ಬಿಡಿ. ವೇಗ ಎಷ್ಟು, ಎಲ್ಲಿ ಮೆಲ್ಲಗೆ, ಎಲ್ಲಿ ಉಸಿರು ಅನ್ನುವುದನ್ನು ಅವರೇ ತೀರ್ಮಾನಿಸಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲಿ. ನಿಮಗೆ ಇಷ್ಟವಾಗದ ತೀರ್ಮಾನ ಬಂದರೂ ಕಾರ್ಯಕ್ರಮದಲ್ಲಿ ಹಾಗೇ ನುಡಿಸಲಿ. ಮೊದಲ ತಿಂಗಳು ಕೆಲಸ ನಿಧಾನವಾಗುತ್ತದೆ, ಗಲಾಟೆ ಜಾಸ್ತಿ ಇರುತ್ತದೆ. ಹೆದರಿ ಮತ್ತೆ ಕೈ ಎತ್ತಬೇಡಿ.

ಪ್ರಶ್ನೆ: ಮಗ ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಾನೆ. ನನಗೆ ಸಂಗೀತ ಗೊತ್ತಿಲ್ಲ. ಮನೆಯಲ್ಲಿ ಅವನ ಅಭ್ಯಾಸಕ್ಕೆ ಹೇಗೆ ನೆರವಾಗಲಿ?
– ಒಬ್ಬ ತಂದೆ

ಉತ್ತರ: ನಿಮಗೆ ಗೊತ್ತಿಲ್ಲದಿರುವುದೇ ಒಳ್ಳೆಯದಾಯಿತು, ಅವನು ನಿಮಗೆ ವಿವರಿಸಬೇಕಾಗುತ್ತದೆ. ಮಕ್ಕಳು ಮೊದಲಿಂದ ಕೊನೆಯವರೆಗೆ ಮೂರು ಸಲ ನುಡಿಸಿ ಪೆಟ್ಟಿಗೆ ಮುಚ್ಚುತ್ತಾರೆ. ಕಷ್ಟದ ಎರಡು ಬಾರ್ ಮೂರು ಸಲವೂ ಅದೇ ತಪ್ಪಿನಲ್ಲಿ ಕಳೆದುಹೋಗಿರುತ್ತದೆ. ಶುರು ಮಾಡುವ ಮೊದಲು ‘ಇವತ್ತು ಯಾವ ಜಾಗ ಸರಿ ಮಾಡ್ತೀಯಪ್ಪಾ?’ ಅಂತ ಕೇಳಿ. ಮುಗಿದ ಮೇಲೆ ಆ ಜಾಗವನ್ನು ಮಾತ್ರ ಫೋನಿನಲ್ಲಿ ರೆಕಾರ್ಡ್ ಮಾಡಿ ಅವನಿಗೇ ಕೇಳಿಸಿ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ನೀವು ಹೇಳುವ ಮೊದಲು ಅವನು ಹೇಳಲಿ. ಒಂದು ಸಾಲು ಬರೆದಿಡಲಿ: ಏನು ತಪ್ಪಿತ್ತು, ಏನು ಮಾಡಿ ನೋಡಿದೆ, ಏನಾಯಿತು.

ಮತ್ತೆ, ಟ್ರಂಪೆಟ್‌ಗೆ ತುಟಿ ಬೇಗ ಸೋಲುತ್ತದೆ. ನುಡಿಸಿದಷ್ಟೇ ಹೊತ್ತು ಬಿಡುವೂ ಬೇಕು. ಅವನು ವಾದ್ಯ ಕೆಳಗಿಟ್ಟು ಅದೇ ಸಾಲನ್ನು ಹಾಡುತ್ತಾ ಗಾಳಿಯಲ್ಲಿ ಬೆರಳಾಡಿಸುತ್ತಾ ಕೂತಿದ್ದರೆ ‘ಯಾಕೆ ನಿಲ್ಲಿಸಿದೆ?’ ಅಂತ ಕೇಳಬೇಡಿ. ಅವನು ಅಭ್ಯಾಸದಲ್ಲೇ ಇದ್ದಾನೆ.